ಕಣ್ಣಿಗೆ ಬಿದ್ದ ಸುಣ್ಣ, ಲಕ್ಯಾದ ಕೆಸರು

ಮೇ ತಿಂಗಳ ಕೊನೆ. ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ಮಳೆ ಹಿಡಿಯುವ ಮೊದಲು ಬೋರ್ಡೋ ಹೊಡೆದು ಮುಗಿಸುವ ಗಡಿಬಿಡಿ. ಸುಣ್ಣ ಅರಳಿಸಲು ಕೂತಿದ್ದ ಹುಡುಗ ಸುಟ್ಟ ಸುಣ್ಣದ ಮೇಲೆ ಒಂದೇ ಏಟಿಗೆ ನೀರು ಸುರಿದುಬಿಟ್ಟ. ಸುಣ್ಣ ಕೊತಕೊತ ಕುದಿದು ಸಿಡಿಯಿತು. ಒಂದು ಸಿಡಿ ಅವನ ಎಡಗಣ್ಣಿಗೆ ಬಿತ್ತು. ಕೂಲಿ ಲೈನಿನಿಂದ ಓಡಿ ಬಂದ ಅಜ್ಜಿ "ಹರಳೆಣ್ಣೆ ಬಿಡ್ರೋ" ಎಂದರು. ರೈಟರು "ಜೀಪು ತೆಗೀರಿ, ಆಸ್ಪತ್ರೆಗೆ ಹೋಗೋಣ" ಎಂದರು. ಮೇಸ್ತ್ರಿ ಇಬ್ಬರ ಮಾತಿಗೂ ಕಿವಿಗೊಡಲಿಲ್ಲ. ಹುಡುಗನ ಕುತ್ತಿಗೆ ಹಿಡಿದು ನೀರಿನ ಪೈಪಿನ ಕೆಳಗೆ ಬಗ್ಗಿಸಿ, ಎರಡು ಬೆರಳಲ್ಲಿ ರೆಪ್ಪೆ ಬಿಡಿಸಿ ಹಿಡಿದ. "ಕಣ್ಣು ಮುಚ್ಚಬೇಡ ಮಾರಾಯ, ಬೈಯೋದಿದ್ರೆ ಆಮೇಲೆ ಬೈ." ಇಪ್ಪತ್ತು ನಿಮಿಷ ಹಾಗೇ ಹಿಡಿದಿದ್ದ. ಆಸ್ಪತ್ರೆಗೆ ಹೋದದ್ದು ಆಮೇಲೆ. ಹುಡುಗನ ಕಣ್ಣು ಉಳಿಯಿತು.

ಕಾಫಿ ಲೋಟ ಹಿಡಿದು ನೋಡುತ್ತ ನಿಂತಿದ್ದ ನೆಂಟರ ಪೈಕಿ ನಾನೂ ಒಬ್ಬ. ವಿಜ್ಞಾನ ಬರೆಯುವವನಾದರೂ ಆ ಗಳಿಗೆಯಲ್ಲಿ ನನಗೆ ಹೊಳೆದದ್ದು ಜೀಪೇ. ಮೇಸ್ತ್ರಿಗೆ ತಿಳಿದಿದ್ದು ಇಷ್ಟು: ಸುಣ್ಣ ಕಾಯುವುದಿಲ್ಲ.

ಕಾಯದಿರುವುದಕ್ಕೆ ಕಾರಣವಿದೆ. ಆಮ್ಲ ಕಣ್ಣಿಗೆ ಬಿದ್ದರೆ ಅಲ್ಲಿನ ಪ್ರೋಟೀನು ಬೆಂದ ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುತ್ತದೆ. ಆ ಹೆಪ್ಪೇ ಒಂದು ಮಟ್ಟಿಗೆ ಅಡ್ಡಗೋಡೆಯಾಗಿ ಆಮ್ಲ ಒಳಗಿಳಿಯುವುದನ್ನು ತಡೆಯುತ್ತದೆ. ಕ್ಷಾರ ಹಾಗಲ್ಲ. ಅದು ಜೀವಕೋಶದ ಪೊರೆಯಲ್ಲಿರುವ ಕೊಬ್ಬನ್ನು ಸಾಬೂನು ಮಾಡಿ ಕರಗಿಸುತ್ತ ದಾರಿ ಬಿಡಿಸಿಕೊಂಡು ಒಳಕ್ಕೆ ಹೋಗುತ್ತದೆ. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲ, ಅಂದರೆ ಕಾರ್ನಿಯಾ, ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಅಷ್ಟು ದಾಟಲು ಕ್ಷಾರಕ್ಕೆ ಹೆಚ್ಚು ಹೊತ್ತು ಬೇಡ. ಸುಣ್ಣದ ತಿಳಿನೀರಲ್ಲಿ ಬೆರಳು ಅದ್ದಿ ಉಜ್ಜಿದರೆ ಜಾರಿದಂತೆ ಆಗುತ್ತದಲ್ಲ, ಆ ಜಾರಿಕೆಯೂ ಇದೇ. ನಮ್ಮ ಚರ್ಮದ ಮೇಲಿನ ಕೊಬ್ಬು ಸಾಬೂನಾಗುತ್ತಿರುವುದರ ಅನುಭವ ಅದು. ಒಲೆಬೂದಿಯಲ್ಲಿ ಪಾತ್ರೆ ಬೆಳಗುತ್ತಿದ್ದ ಅಜ್ಜಿಯರ ಬೆರಳು ಒಡೆಯುತ್ತಿದ್ದುದಕ್ಕೂ ಈ ಸಾಬೂನಿಗೂ ಸಂಬಂಧ ಉಂಟು. ಪಾತ್ರೆಯ ಜಿಡ್ಡಿಗೂ ಕೈಯ ಜಿಡ್ಡಿಗೂ ಬೂದಿ ಭೇದ ಮಾಡುವುದಿಲ್ಲ.

ತೋಟದವರು ಒಂದು ಪರೀಕ್ಷೆಯನ್ನು ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಸೇರಿದರೆ ಶೇಕಡಾ 1ರ ಬೋರ್ಡೋ ದ್ರಾವಣ. ಬೆರೆಸಿದ ಮೇಲೆ ಉಜ್ಜಿ ಹೊಳಪು ತಂದ ಕತ್ತಿಯನ್ನು ಅದರಲ್ಲಿ ಅದ್ದುತ್ತಾರೆ. ಕತ್ತಿಯ ಮೇಲೆ ಕೆಂಪು ಲೇಪ ಕಂಡರೆ ಸುಣ್ಣ ಸಾಲದು ಎಂದು ಲೆಕ್ಕ. ಸುಣ್ಣಕ್ಕೆ ಕಟ್ಟುಬೀಳದೆ ಉಳಿದ ತಾಮ್ರ ಕಬ್ಬಿಣದ ಮೇಲೆ ಕೂತಿರುತ್ತದೆ. ಅಂಥ ದ್ರಾವಣ ಹೊಡೆದರೆ ಎಲೆ ಸುಡುತ್ತದೆ. ಇನ್ನೊಂದಿಷ್ಟು ಸುಣ್ಣ ಹಾಕಿ, ಕತ್ತಿ ಬೆಳ್ಳಗೆ ಬರುವವರೆಗೆ ನೋಡಬೇಕು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗೆ ಎರಚುತ್ತಿದ್ದ ನೀಲಿ ಮಿಶ್ರಣ ಇದು. ರೋಗವನ್ನೂ ತಡೆಯುತ್ತದೆಂದು ಗಮನಿಸಿ 1885ರಲ್ಲಿ ಪ್ರಕಟಿಸಿದವನು ಮಿಲಾರ್ಡೆ. ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಇದನ್ನು ಒಗ್ಗಿಸಿದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಶುರುವಾದ ಕಾಫಿ ಪ್ರಯೋಗ ಕೇಂದ್ರದ ಹಿಂದೆಯೂ ಅವರ ಹೆಸರಿದೆ.

ಕತ್ತಿಯ ಪರೀಕ್ಷೆ ಒಂದು ಉರಿಪರೀಕ್ಷೆಯೇ. ಉರಿ ಯಾರದ್ದು ಎಂದು ಕೇಳಿ ನೋಡಿ. ಎಲೆಯದ್ದು. ಎಲೆಯ ಚರ್ಮಕ್ಕೆ ಪರೀಕ್ಷೆ ಕಂಡುಹಿಡಿದು ಎಷ್ಟೋ ದಶಕ ಕಳೆದ ಮೇಲೆ ಕಾರ್ಮಿಕರ ಚರ್ಮ, ಕಣ್ಣಿನ ಸರದಿ ಬಂತು.

*

ಈಗ ಅದೇ ಚಿಕ್ಕಮಗಳೂರು ಜಿಲ್ಲೆಯ ಒಂದು ಕೆಸರಿನ ರಾಶಿಯ ಕಡೆ ಹೋಗೋಣ. ಮೊದಲು ಮೂಡಿಗೆರೆ ತಾಲ್ಲೂಕಿಗೆ ಸೇರಿದ್ದ ಕಳಸದಿಂದ ಭದ್ರೆಯ ಜೊತೆಗೇ ಮೇಲೆ ಸಾಗಿದರೆ ಕುದುರೆಮುಖ ಸಿಗುತ್ತದೆ. ಅಲ್ಲಿ ಕಬ್ಬಿಣದ ಅದಿರು ಇದೆಯೆಂದು 1913ರಲ್ಲಿ ಗುರುತಿಸಿದವರು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್. ಗಣಿ ಕಂಪನಿ ಹುಟ್ಟಿದ್ದು 1976ರಲ್ಲಿ, ಇರಾನಿನ ಷಾ ಕೊಡಲೊಪ್ಪಿದ ಸಾಲದ ಬಲದ ಮೇಲೆ. ಇರಾನಿನಲ್ಲಿ ಕ್ರಾಂತಿಯಾಗಿ, ಅದಿರು ಕೊಳ್ಳಬೇಕಿದ್ದವನೇ ಮಾಯವಾದರೂ ಗಣಿ ನಿಲ್ಲಲಿಲ್ಲ. ಇಲ್ಲಿನ ಅದಿರಿನಲ್ಲಿ ಕಬ್ಬಿಣ ಶೇಕಡಾ 38ರ ಆಸುಪಾಸು ಮಾತ್ರ. ಅದನ್ನು ಹಿಟ್ಟಿನಂತೆ ಅರೆದು, ಆಯಸ್ಕಾಂತದಿಂದಲೂ ಬೇರೆ ವಿಧಾನಗಳಿಂದಲೂ ಕಬ್ಬಿಣದ ಪಾಲನ್ನು ಎತ್ತಿ, ನೀರಲ್ಲಿ ಕಲಸಿ, 67 ಕಿ.ಮೀ. ಉದ್ದದ ಪೈಪಿನಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸುತ್ತಿದ್ದರು. ಅಗೆದ ಅದಿರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕೆಸರಾಗಿ ಇಲ್ಲೇ ಉಳಿಯುತ್ತಿತ್ತು. ಅದನ್ನು ಹಿಡಿದಿಡಲು ಭದ್ರೆಯ ಉಪನದಿ ಲಕ್ಯಾಕ್ಕೆ ಅಡ್ಡಲಾಗಿ ನೂರು ಮೀಟರಿಗೆ ಹತ್ತಿರದ ಅಣೆಕಟ್ಟು ಎದ್ದಿತು. ಕೆ.ಎಂ. ಚಿಣ್ಣಪ್ಪ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2002ರ ಅಕ್ಟೋಬರಿನಲ್ಲಿ ತೀರ್ಪಿತ್ತಿತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಕೆಸರು ನಿಂತಲ್ಲೇ ಇದೆ.

ಕಬ್ಬಿಣದ ಅದಿರಿನ ಇಂಥ ಕೆಸರನ್ನು ಇಟ್ಟಿಗೆಗೆ, ಗಾರೆಗೆ, ಮರಳಿನ ಬದಲಿಗೆ ಬಳಸಬಹುದೇ ಎಂದು ಕರ್ನಾಟಕದ ಇಂಜಿನಿಯರಿಂಗ್ ಪ್ರಯೋಗಾಲಯಗಳಲ್ಲಿ ಪರೀಕ್ಷೆಗಳು ನಡೆದಿವೆ. ಮರಳು ಸಿಗದ ಕಾಲದಲ್ಲಿ ಆಸೆ ಸಹಜ. ಆದರೆ ಕಸ ಸರಕಾಗಿ ಬದಲಾಗುವ ಹೊತ್ತಿಗೆ ಮೊದಲ ಪ್ರಶ್ನೆ ಗಟ್ಟಿಯದ್ದಲ್ಲ, ಕೈಯದ್ದು. ಇದನ್ನು ಬರಿಗೈಯಲ್ಲಿ ಕಲಸುವವನಿಗೆ ಏನಾಗುತ್ತದೆ? ಗಾಳಿಗೆ ಹಾರಿ ಕಣ್ಣಿಗೆ ಬಿದ್ದರೆ ಏನಾಗುತ್ತದೆ?

ಪ್ರಪಂಚ ಈ ಪ್ರಶ್ನೆಗೆ ಬಹುಕಾಲ ಮೊಲದ ಕಣ್ಣಿನಲ್ಲಿ ಉತ್ತರ ಹುಡುಕಿತು. 1933ರಲ್ಲಿ ಅಮೆರಿಕದಲ್ಲಿ 'ಲ್ಯಾಶ್ ಲೂರ್' ಎಂಬ ರೆಪ್ಪೆಬಣ್ಣ ಹಚ್ಚಿಕೊಂಡ ಹೆಂಗಸರು ಕಣ್ಣು ಕಳೆದುಕೊಂಡರು. ಆ ಗದ್ದಲದ ಹಿನ್ನೆಲೆಯಲ್ಲಿ 1938ರಲ್ಲಿ ಹೊಸ ಕಾನೂನು ಬಂತು. 1944ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತದ ಜಾನ್ ಡ್ರೈಜ್ ಮತ್ತು ಸಂಗಡಿಗರು ಉರಿಯನ್ನು ಅಂಕಿಯಾಗಿಸುವ ವಿಧಾನ ಪ್ರಕಟಿಸಿದರು. ಪದಾರ್ಥವನ್ನು ಮೊಲದ ಕೆಳರೆಪ್ಪೆಯ ಒಳಗೆ ಹಾಕಿ, ಕಾರ್ನಿಯಾಕ್ಕೆ 80, ಐರಿಸ್‌ಗೆ 10, ಕಣ್ಣಿನ ಬಿಳಿಯ ಮೇಲಿನ ಪೊರೆಗೆ 20, ಒಟ್ಟು 110ಕ್ಕೆ ಅಂಕ ಕೊಡುವುದು. ಚರ್ಮಕ್ಕೆ ಇನ್ನೊಂದು ಲೆಕ್ಕ. ರೋಮ ಬೋಳಿಸಿದ ಬೆನ್ನಿನ ಮೇಲೆ ಅರ್ಧ ಗ್ರಾಂ ಪುಡಿ ಪಟ್ಟಿಕಟ್ಟಿ, ಈಗಿನ ನಿಯಮದಂತೆ ನಾಲ್ಕು ಗಂಟೆ ಬಿಟ್ಟು ತೆಗೆದು, ಕೆಂಪಿಗೂ ಊತಕ್ಕೂ 0ಯಿಂದ 4ರವರೆಗೆ ಅಂಕ. ಮೂರು ದಿನ ನಿಗಾ, ಗಾಯ ಮಾಯದಿದ್ದರೆ ಹದಿನಾಲ್ಕು ದಿನದವರೆಗೆ.

ಅಂಕಿ ಬಂದ ಮಾತ್ರಕ್ಕೆ ಅಳತೆಯಾಗುವುದಿಲ್ಲ. ಕೆಂಪು 2 ಅನ್ನುವುದೋ 3 ಅನ್ನುವುದೋ ನೋಡುವವನ ಕಣ್ಣಿಗೆ ಬಿಟ್ಟದ್ದು. 1971ರಲ್ಲಿ ವೈಲ್ ಮತ್ತು ಸ್ಕಾಲಾ ಒಂದೇ ಪದಾರ್ಥಗಳನ್ನು ಇಪ್ಪತ್ತಕ್ಕೂ ಹೆಚ್ಚು ಪ್ರಯೋಗಾಲಯಗಳಿಗೆ ಕಳಿಸಿ ನೋಡಿದರು. ಒಂದು ಕಡೆ ಏನೂ ಆಗದ ವಸ್ತು ಇನ್ನೊಂದು ಕಡೆ ಭಾರಿ ಉರಿಯ ಪಟ್ಟಿಗೆ ಸೇರಿತ್ತು. ಸಾಲದ್ದಕ್ಕೆ, ಮೊಲದ ಕಣ್ಣು ನಮ್ಮದಲ್ಲ. ಅದಕ್ಕೆ ಕಣ್ಣೀರು ಕಡಿಮೆ. ನಮಗಿಲ್ಲದ ಮೂರನೇ ರೆಪ್ಪೆ ಇದೆ.

ಖನಿಜದ ಪುಡಿಗಂತೂ ಈ ಪರೀಕ್ಷೆ ಹೊಂದುವುದೇ ಕಷ್ಟ. ಪುಡಿ ಹಾಕಿದಾಗ ಕಣ್ಣು ಕೆಂಪಾದರೆ ಅದು ರಾಸಾಯನಿಕ ಉರಿಯೋ, ಮರಳು ಬಿದ್ದ ಕಿರಿಕಿರಿಯೋ? ಬೈಕಿನಲ್ಲಿ ಕೊಟ್ಟಿಗೆಹಾರದ ರಸ್ತೆ ಹಿಡಿದವರಿಗೆ ಎರಡನೆಯದು ಚೆನ್ನಾಗಿ ಗೊತ್ತು. ಒಂದು ಕಣ ಸಾಕು, ಅದು ಯಾವ ವಿಷವೂ ಆಗಬೇಕಿಲ್ಲ. ಚರ್ಮದ ಪರೀಕ್ಷೆಯಲ್ಲಿ ಪುಡಿಯನ್ನು ನೀರು ತಾಗಿಸಿ ಒದ್ದೆ ಮಾಡಿಯೇ ಹಚ್ಚಬೇಕೆಂಬ ನಿಯಮವಿದೆ. ಒಣಗಿದ್ದಾಗ ಸುಮ್ಮನಿರುವ ಕಲ್ಲು ಒದ್ದೆಯಾದಾಗ ಏನು ಬಿಟ್ಟುಕೊಡುತ್ತದೆ ಎಂಬುದೇ ಪ್ರಶ್ನೆ. ಬೆವರಿನ ಕೈಯೂ ಕಣ್ಣೀರಿನ ಕಣ್ಣೂ ಒದ್ದೆಯೇ ತಾನೆ.

ಹಾಗಾಗಿ ಇವತ್ತು ಪರೀಕ್ಷೆ ಪ್ರಾಣಿಯಿಂದ ಶುರುವಾಗುವುದಿಲ್ಲ. ನೀರಿನಿಂದ ಶುರುವಾಗುತ್ತದೆ. ಪುಡಿಯನ್ನು ನೀರಲ್ಲಿ ಕಲಸಿ ಪಿಎಚ್ ನೋಡುತ್ತಾರೆ. ವಿಶ್ವಸಂಸ್ಥೆಯ ವರ್ಗೀಕರಣದ ಪ್ರಕಾರ ಪಿಎಚ್ 2 ಅಥವಾ ಅದಕ್ಕಿಂತ ಕಡಿಮೆ, 11.5 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಅದು ಚರ್ಮವನ್ನೂ ಕಣ್ಣನ್ನೂ ಸುಡುತ್ತದೆಂದೇ ಎಣಿಸಬೇಕು. ಮುಂದೆ ಯಾವ ಜೀವಿಯನ್ನೂ ನೋಯಿಸಬೇಕಾಗಿಲ್ಲ. ನಮ್ಮ ದೇಶದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲೂ ಇಂಥದೇ ಗೆರೆ ಇದೆ, ಮೇಲಿನ ತುದಿಯಲ್ಲಿ 12.5ಕ್ಕೆ. ನಮ್ಮ ಸುಣ್ಣದ ತಿಳಿನೀರಿನ ಪಿಎಚ್ 12.4ರ ಹತ್ತಿರ. ಕೂದಲೆಳೆಯಲ್ಲಿ ತಪ್ಪಿಸಿಕೊಂಡಂತಾಯಿತು. ಕಸದ ನಿಯಮದ ಗೆರೆಗೂ ಕಣ್ಣಿಗೂ ಪರಿಚಯವಿಲ್ಲ ಎಂದಷ್ಟೇ ಇದರ ಅರ್ಥ.

ಪಿಎಚ್ ಒಂದೇ ಸಾಲದು. ಪಿಎಚ್ ಎಂದರೆ ಜೇಬಿನಲ್ಲಿರುವ ದುಡ್ಡು. ಬ್ಯಾಂಕಿನಲ್ಲಿ ಎಷ್ಟಿದೆ ಎಂದು ಅದು ಹೇಳುವುದಿಲ್ಲ. ಸುಣ್ಣದ ತಿಳಿನೀರೂ ಸುಣ್ಣದ ಗಟ್ಟಿ ಸರಿಯೂ ಹೆಚ್ಚುಕಮ್ಮಿ ಒಂದೇ ಪಿಎಚ್ ತೋರಿಸುತ್ತವೆ. ತಿಳಿನೀರು ಕಣ್ಣಿಗೆ ಬಿದ್ದರೆ ಕಣ್ಣೀರು ಬೇಗ ಅದನ್ನು ಮಣಿಸುತ್ತದೆ. ಸರಿಯಲ್ಲಿ ಕರಗದೆ ಕೂತ ಕಣಗಳು ಖರ್ಚಾದಷ್ಟನ್ನೂ ತುಂಬಿಕೊಡುತ್ತಲೇ ಇರುತ್ತವೆ. ಮೇಸ್ತ್ರಿ ರೆಪ್ಪೆ ಬಿಡಿಸಿ ಹಿಡಿದದ್ದು ಆ ಬ್ಯಾಂಕನ್ನು ತೊಳೆದು ಹಾಕಲು. ಈ ದಾಸ್ತಾನನ್ನೂ ಪ್ರಯೋಗಾಲಯದಲ್ಲಿ ಅಳೆಯುತ್ತಾರೆ: ಎಷ್ಟು ಆಮ್ಲ ಸುರಿದರೆ ಕ್ಷಾರ ಸೋಲುತ್ತದೆ ಎಂದು ಹನಿಹನಿಯಾಗಿ ಎಣಿಸಿ.

ಇಷ್ಟು ತಿಳಿದ ಮೇಲೆ ಎರಡು ಕೆಸರುಗಳನ್ನು ಪಕ್ಕಪಕ್ಕ ಇಡಬಹುದು. ಬಾಕ್ಸೈಟಿನಿಂದ ಅಲ್ಯೂಮಿನಾ ತೆಗೆಯಲು ಅದನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಬೇಕು. ಉಳಿಯುವ ಕೆಮ್ಮಣ್ಣಿನಲ್ಲಿ ಆ ಸೋಡಾದ ಶೇಷ ಇದ್ದೇ ಇರುತ್ತದೆ. ನಮ್ಮ ಬೆಳಗಾವಿಯ ಅಲ್ಯೂಮಿನಾ ಕಾರ್ಖಾನೆಯಲ್ಲೂ ಇಂಥ ಕೆಮ್ಮಣ್ಣು ಹುಟ್ಟುತ್ತದೆ. ಹಂಗೇರಿಯ ಅಯ್ಕಾ ಪಟ್ಟಣದ ಬಳಿ 2010ರ ಅಕ್ಟೋಬರ್ 4ರಂದು ಅದರ ಕಟ್ಟೆ ಒಡೆದು ಊರಿಗೆ ನುಗ್ಗಿದಾಗ ಹತ್ತು ಜನ ಸತ್ತರು, ನೂರಕ್ಕೂ ಹೆಚ್ಚು ಜನಕ್ಕೆ ಗಾಯವಾಯಿತು. ಪಿಎಚ್ 13ರ ಹತ್ತಿರ. ಕ್ಷಾರದ ಸುಟ್ಟಗಾಯ ಮೊದಮೊದಲು ಅಷ್ಟಾಗಿ ನೋಯದೆ ಆಳಕ್ಕೆ ಇಳಿಯುವುದರಿಂದ, ಬರೀ ಕೆಸರು ಎಂದುಕೊಂಡು ಅದರಲ್ಲಿ ನಡೆದವನಿಗೆ ಕಾಲು ಬೆಂದದ್ದು ತಡವಾಗಿ ಗೊತ್ತಾಗುತ್ತದೆ. ಲಕ್ಯಾದ ಕೆಸರು ಈ ಜಾತಿಯದಲ್ಲ. ಅದರ ಮೂಲ ಬಂಡೆ ಮ್ಯಾಗ್ನೆಟೈಟ್ ಮತ್ತು ಬೆಣಚುಕಲ್ಲು. ಕಬ್ಬಿಣ ಎತ್ತಿದ ಮೇಲೆ ಉಳಿಯುವುದರಲ್ಲಿ ಬೆಣಚಿನದೇ ದೊಡ್ಡ ಪಾಲು. ಎರಡೂ ನೀರಲ್ಲಿ ಕರಗುವವಲ್ಲ, ಎರಡರಿಂದಲೂ ಕ್ಷಾರ ಹೊರಡುವುದಿಲ್ಲ. ಹೆಸರು ಎರಡಕ್ಕೂ ಕೆಸರು, ಗುಣ ಬೇರೆ. ಪತ್ರಿಕೆಯ ತಲೆಬರಹಗಳಿಗೆ ಈ ಭೇದ ಬೇಕಿಲ್ಲ. ಕೆಸರಲ್ಲಿ ಕಾಲಿಡುವವನಿಗೆ ಬೇಕು.

ಪಿಎಚ್ ದಾಟಿದ ಪುಡಿ ಮುಂದೆ ಹೋಗುವುದು ಮನುಷ್ಯ ಚರ್ಮದ ಹತ್ತಿರಕ್ಕೆ. ಆದರೆ ಮನುಷ್ಯನ ಮೈಮೇಲಲ್ಲ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದುಹಾಕಿದ ಚರ್ಮದ ಜೀವಕೋಶಗಳನ್ನು ಪುಟ್ಟ ಪ್ಲಾಸ್ಟಿಕ್ ಬಟ್ಟಲಲ್ಲಿ ಬೆಳೆಸಿದರೆ ಅವು ಪದರಪದರವಾಗಿ ಮೇಲೆದ್ದು, ನಮ್ಮ ಹೊರಚರ್ಮದಂತೆಯೇ ಒಣ ಸಿಪ್ಪೆಯನ್ನೂ ಕಟ್ಟಿಕೊಳ್ಳುತ್ತವೆ. ಅದರ ಮೇಲೆ ಚಿಟಿಕೆ ಪುಡಿ, ಒಂದು ಹನಿ ನೀರು. ಹದಿನೈದು ನಿಮಿಷದಿಂದ ಒಂದು ಗಂಟೆ ಬಿಟ್ಟು ತೊಳೆದು, 42 ಗಂಟೆ ಬೆಚ್ಚಗಿಟ್ಟು, ಹಳದಿ ಬಣ್ಣದ ಎಂಟಿಟಿ ಎಂಬ ದ್ರಾವಣ ಕೊಡುತ್ತಾರೆ. ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ; ಸತ್ತದ್ದು ಮಾಡುವುದಿಲ್ಲ. ನೇರಳೆ ಅರ್ಧಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದರೆ ಉರಿಕಾರಕ. 2010ರಿಂದ ಇದು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ ಪರೀಕ್ಷಾ ಮಾರ್ಗಸೂಚಿಗಳ ಪೈಕಿ 439ನೆಯದು.

ಖನಿಜ ಕಸ ಇಲ್ಲೂ ಆಟ ಆಡಿಸುತ್ತದೆ. ಮ್ಯಾಗ್ನೆಟೈಟ್ ಕಪ್ಪು. ತೊಳೆದರೂ ಚರ್ಮದ ಮಡಿಕೆಯಲ್ಲಿ ಕೂತ ಕಪ್ಪು ಬೆಳಕನ್ನು ನುಂಗಿ ಬಣ್ಣ ಓದುವ ಯಂತ್ರವನ್ನು ದಾರಿ ತಪ್ಪಿಸಬಹುದು. ಕೆಲವು ವಸ್ತುಗಳು ಯಾವ ಜೀವಕೋಶದ ನೆರವೂ ಇಲ್ಲದೆ ತಾವೇ ಎಂಟಿಟಿಯನ್ನು ನೇರಳೆ ಮಾಡುತ್ತವೆ; ಆಗ ಸತ್ತ ಚರ್ಮ ಬದುಕಿದಂತೆ ಕಾಣುತ್ತದೆ. ಅದಕ್ಕೇ ಬೇಕೆಂದೇ ಸಾಯಿಸಿದ ಚರ್ಮದ ಮೇಲೂ ಅದೇ ಪುಡಿ ಹಾಕಿ, ಅಲ್ಲಿ ಬಂದ ನೇರಳೆಯನ್ನು ಕಳೆಯುತ್ತಾರೆ.

ಕಣ್ಣಿಗೆ ಕಸಾಯಿಖಾನೆಯಿಂದ ತಂದ ದನದ ಕಣ್ಣು. ಊಟಕ್ಕೆಂದು ಕಡಿದ ದನದ ಕಾರ್ನಿಯಾವನ್ನು ಚೌಕಟ್ಟಿನಲ್ಲಿ ಕೂರಿಸಿ, ಪುಡಿಯ ಶೇಕಡಾ 20ರ ಕಲಸನ್ನು ನಾಲ್ಕು ಗಂಟೆ ಹಚ್ಚುತ್ತಾರೆ. ಪಟಲ ಎಷ್ಟು ಮಬ್ಬಾಯಿತು, ಬಣ್ಣದ ನೀರು ಎಷ್ಟು ಸೋರಿತು ಎಂದು ಅಳೆದು ಒಂದು ಅಂಕ. 3ರೊಳಗಿದ್ದರೆ ತೊಂದರೆಯಿಲ್ಲ, 55 ದಾಟಿದರೆ ಕಣ್ಣಿಗೆ ಗಂಭೀರ ಹಾನಿ. ನಡುವೆ ಬಂದರೆ ಈ ಪರೀಕ್ಷೆ ಕೈ ಚೆಲ್ಲುತ್ತದೆ, ಬೇರೆಯದಕ್ಕೆ ಹೋಗಬೇಕು. ಕಣ್ಣಿಗೆ ಕಸಾಯಿಖಾನೆಯ ಬಾಗಿಲು ತಟ್ಟುವುದೆಂದರೆ ನಮ್ಮಲ್ಲಿ ಎಷ್ಟೋ ಜನಕ್ಕೆ ಮುಜುಗರ. ಬದುಕಿದ ಮೊಲಕ್ಕಿಂತ ಸತ್ತ ದನದ ಕಣ್ಣು ಕಡಿಮೆ ಪಾಪದ್ದೆಂದು ನನಗನ್ನಿಸುತ್ತದೆ. ಸೌಂದರ್ಯವರ್ಧಕಗಳ ಮಟ್ಟಿಗೆ ಭಾರತ 2014ರಲ್ಲೇ ಪ್ರಾಣಿಪರೀಕ್ಷೆಯನ್ನು ನಿಷೇಧಿಸಿದೆ.

*

ಲಕ್ಯಾದಂಥ ಬೆಣಚಿನ ಕೆಸರು ಈ ಎಲ್ಲ ಮೆಟ್ಟಿಲು ಹತ್ತಿ 'ಚರ್ಮಕ್ಕೆ, ಕಣ್ಣಿಗೆ ಉರಿಕಾರಕವಲ್ಲ' ಎಂಬ ಚೀಟಿ ಪಡೆದರೆ ನನಗೆ ಆಶ್ಚರ್ಯವಿಲ್ಲ. ಭಯವಿರುವುದು ಆ ಚೀಟಿಯನ್ನು ಓದುವವರ ಬಗ್ಗೆ. ಉರಿಯದ್ದು ಕೆಡುಕಲ್ಲ ಎಂದು ಓದಿಬಿಡುತ್ತಾರೆ.

ಬೆಣಚುಕಲ್ಲಿನ ಧೂಳು ಕೈಯನ್ನು ಸುಡುವುದಿಲ್ಲ, ಕಣ್ಣನ್ನು ತೊಳೆದರೆ ಹೋಗುತ್ತದೆ. ಐದು ಮೈಕ್ರಾನಿಗಿಂತ ಸಣ್ಣ ಕಣ ಉಸಿರಿನೊಂದಿಗೆ ಶ್ವಾಸಕೋಶದ ತಳ ಸೇರಿದರೆ ಮಾತ್ರ ಹೊರಬರುವುದಿಲ್ಲ. ಅದನ್ನು ನುಂಗಿದ ರಕ್ಷಕ ಕೋಶಗಳು ತಾವೇ ಸತ್ತು, ಸುತ್ತ ಗಾಯದ ಗಂಟು ಕಟ್ಟುತ್ತದೆ. ವರ್ಷಗಳ ಮೇಲೆ ಕಾಣುವ ಆ ರೋಗ ಸಿಲಿಕೋಸಿಸ್. 1997ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕೆಲಸದ ಜಾಗದಲ್ಲಿ ಉಸಿರಾಡುವ ಹರಳು ಸಿಲಿಕಾವನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಕೆಸರು ಒದ್ದೆಯಿದ್ದಷ್ಟು ದಿನ ಈ ಭಯ ಮಲಗಿರುತ್ತದೆ. ಒಣಗಿಸಿ, ಜರಡಿ ಹಿಡಿದು, ಇಟ್ಟಿಗೆಯಾಗಿ ಒತ್ತಿ, ಆ ಇಟ್ಟಿಗೆಯನ್ನು ಯಂತ್ರದಲ್ಲಿ ಕೊಯ್ಯುವಾಗ ಎದ್ದು ಕೂರುತ್ತದೆ. ಉರಿಯುವ ಸುಣ್ಣ ಒಂದು ರೀತಿಯಲ್ಲಿ ಪ್ರಾಮಾಣಿಕ. ಮುಟ್ಟಿದ ಕೂಡಲೇ ಹೇಳುತ್ತದೆ.

ಅಲರ್ಜಿಯೂ ಬೇರೆಯೇ ಕಥೆ. ಹಸಿ ಸಿಮೆಂಟು ಕ್ಷಾರದಿಂದ ಕೈ ಸುಡುತ್ತದೆ, ಅದು ಉರಿಪರೀಕ್ಷೆಗೆ ಸಿಗುತ್ತದೆ. ಅದರಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಒಂದು ಬಗೆಯ ಕ್ರೋಮಿಯಂ ವರ್ಷಾನುಗಟ್ಟಲೆ ಮುಟ್ಟಿದ ಗಾರೆಯವನಿಗೆ ತುರಿಕಜ್ಜಿ ತರುವುದು ಸಿಗುವುದಿಲ್ಲ.

ನದಿಗೂ ಚರ್ಮವಿಲ್ಲ. ಕುದುರೆಮುಖದಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆ. ಗಣಿಯಿಂದ ಭದ್ರೆಗೆ ಇಳಿದ ಹೂಳನ್ನು ಅಳೆದ ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಕಳಸದ ಹೆಬ್ಬಾಳೆ ಸೇತುವೆ ಮುಳುಗಿದಾಗ ಮೇಲಿಂದ ಬಂದ ಕೆಂಪು ನೀರನ್ನು ನೋಡುತ್ತ ನಿಂತವರು ಕೇಳಿದ್ದು ಇದು ಕಣ್ಣಿಗೆ ಉರಿಯುತ್ತದೆಯೇ ಎಂದಲ್ಲ. ಗದ್ದೆಗೆ ಕೂತರೆ ಏನು, ಮೀನಿನ ಕಿವಿರಿಗೆ ಅಂಟಿದರೆ ಏನು, ಅಣೆಕಟ್ಟು ನಿಂತೀತೇ ಎಂದು ಅವರು ಕೇಳಿದರು. ಪ್ರಯೋಗಾಲಯದ ಬಟ್ಟಲಿನ ಚರ್ಮಕ್ಕೆ ಈ ಪ್ರಶ್ನೆ ಕೇಳಿಸುವುದಿಲ್ಲ.

ಹೀಗೆಂದು ಉರಿಪರೀಕ್ಷೆ ಬೇಡವೆಂದಲ್ಲ. ಮಾಡಬೇಕು, ಮಾಡುವ ಮೊದಲು ಸನಿಕೆ ಎಲ್ಲಿ ಹಾಕಿದರು ಎಂದು ಕೇಳಬೇಕು. ಪೈಪಿನಿಂದ ಕೆಸರು ಬಿದ್ದಾಗ ದಪ್ಪ ಕಣ ಬಾಯಿಯ ಹತ್ತಿರವೇ ಕೂರುತ್ತದೆ, ನುಣ್ಣನೆಯದು ದೂರ ತೇಲಿ ಹೋಗಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಮೇಲಿನ ಗೇಣು ಒಣಗಿ ಧೂಳಾಗಿರುತ್ತದೆ, ಕೆಳಗೆ ಒದ್ದೆ. ಅದಿರು ಬೇರ್ಪಡಿಸಲು ರಾಸಾಯನಿಕ ಬಳಸಿದ ಯಾವ ಗಣಿಯಲ್ಲೇ ಆಗಲಿ, ಅದರ ಶೇಷ ಹಳೆಯ ಪದರಕ್ಕೂ ಹೊಸ ಪದರಕ್ಕೂ ಒಂದೇ ಇರಬೇಕೆಂದಿಲ್ಲ. ಬಟ್ಟಲ ಚರ್ಮಕ್ಕೆ ಹೋಗುವುದು ಹತ್ತಾರು ಮಿಲಿಗ್ರಾಂ ಮಾತ್ರ. ಅದು ಬೆಟ್ಟದಷ್ಟು ರಾಶಿಯ ಪರವಾಗಿ ಸಾಕ್ಷಿ ಹೇಳಬೇಕು. ಬೇರೆಬೇರೆ ಕಡೆಯಿಂದ ತೆಗೆದದ್ದನ್ನು ಒಂದೇ ಗುಡ್ಡೆ ಮಾಡಿ, ನಾಲ್ಕು ಪಾಲಿಗೆ ಸೀಳಿ, ಎದುರುಬದುರಿನ ಎರಡು ಪಾಲು ಬಿಟ್ಟು, ಉಳಿದದ್ದನ್ನು ಮತ್ತೆ ಗುಡ್ಡೆ ಮಾಡಿ, ಮತ್ತೆ ಸೀಳಿ, ಕೊನೆಗೆ ಒಂದು ಹಿಡಿಗೆ ಬರುವುದು ಹಳೆಯ ಪದ್ಧತಿ.

ಚಿಕ್ಕಮಗಳೂರಿನ ಬೆಳೆಗಾರರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಕಾಫಿ ಕೊಳ್ಳುವವನು ಚೀಲಕ್ಕೆ ಕೊಳವೆ ಚುಚ್ಚಿ ಒಂದು ಹಿಡಿ ತೆಗೆದು ಔಟ್‌ಟರ್ನ್, ಅಂದರೆ ಎಷ್ಟು ಬೀಜ ಸಿಗುತ್ತದೆಂಬ ಲೆಕ್ಕ, ಹೇಳುವಾಗ, ಅವನು ಚುಚ್ಚಿದ್ದು ಯಾವ ಚೀಲಕ್ಕೆ, ಎಷ್ಟು ಆಳಕ್ಕೆ ಎಂಬುದರ ಮೇಲೆಯೇ ಆ ವರ್ಷದ ದುಡ್ಡು ನಿಂತಿರುತ್ತದೆ. ಅನುಭವಸ್ಥರು ಪಕ್ಕದಲ್ಲೇ ನಿಂತು, "ಇನ್ನೊಂದು ಚೀಲಕ್ಕೂ ಹಾಕಿ ಸ್ವಾಮಿ, ತಳದಿಂದ ತೆಗೀರಿ" ಅನ್ನುತ್ತಾರೆ.